ಲ್ಯಾಪಿಡರಿ ಕ್ಲಬ್ ಸೇರಿದ ಮೇಲೆ: ಮೊದಲ ಹರಳು, ಮೊದಲ ಬೆಳ್ಳಿ ಕಟ್ಟು

ಲ್ಯಾಪಿಡರಿ ಅಂದರೆ ಕಲ್ಲನ್ನು ಕೊಯ್ದು, ಅರೆದು, ಹೊಳಪು ಕೊಟ್ಟು ಹರಳು ಮಾಡುವ ಕೆಲಸ. ಅಂಥ ಕ್ಲಬ್ ಸೇರಿದ ಹೊಸಬರು ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಮೊದಲ ದಿನ ತಮಗಿಷ್ಟದ ಕಲ್ಲನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ, ಎರಡನೇ ವಾರಕ್ಕೆ ಬೆಳ್ಳಿ ತಗಡು ಕೊಳ್ಳುತ್ತಾರೆ, ಮೂರನೇ ವಾರ ಹರಳಿಗೆ ಚಪ್ಪಟೆ ಮುಖಗಳನ್ನು ಕತ್ತರಿಸುವ ಫೆಸೆಟಿಂಗ್ ಯಂತ್ರದ ಮುಂದೆ ನಿಂತಿರುತ್ತಾರೆ. ಎರಡು ತಿಂಗಳಾದ ಮೇಲೆ ನೋಡಿದರೆ ಅರೆಬರೆ ಹೊಳೆಯುವ ನಾಲ್ಕು ಕಲ್ಲು, ಕರಗಿ ಮುದ್ದೆಯಾದ ಎರಡು ಬೆಳ್ಳಿ ಪಟ್ಟಿ ಬಿಟ್ಟರೆ ಕೈಯಲ್ಲಿ ಏನೂ ಇರುವುದಿಲ್ಲ. ಕೈಚಳಕ ಇಲ್ಲದ್ದು ಇದಕ್ಕೆ ಕಾರಣವಲ್ಲ. ಕೆಲಸದ ಕ್ರಮ ತಪ್ಪಿದೆ, ಅಷ್ಟೆ.

ಆದ್ದರಿಂದ ಇಲ್ಲಿ ಗುರಿ ಒಂದೇ: 30×22 ಮಿ.ಮೀ. ಅಳತೆಯ ಅಂಡಾಕಾರದ ಒಂದು ಕ್ಯಾಬೊಷನ್, ಅಂದರೆ ಅಡಿ ಚಪ್ಪಟೆ, ಮೇಲೆ ಗುಮ್ಮಟದಂತೆ ಉಬ್ಬಿದ ಹರಳು. ಆಮೇಲೆ ಅದನ್ನು ಕೂರಿಸಿದ ಒಂದು ಬೆಳ್ಳಿ ಪದಕ. ಕಲ್ಲು ಮೊದಲು, ಬೆಳ್ಳಿ ನಂತರ. ಬೆಳ್ಳಿಯನ್ನು ಕಲ್ಲಿನ ಸುತ್ತಳತೆಗೆ ಬಗ್ಗಿಸುವುದು ಸುಲಭ. ಸಿದ್ಧವಾದ ಬೆಳ್ಳಿ ಕಟ್ಟಿಗೆ ಕಲ್ಲನ್ನು ಅರೆದು ಹೊಂದಿಸಲು ಹೊರಟರೆ ಕಲ್ಲಿನ ಆಕಾರವೇ ಕೆಡುತ್ತದೆ.

ಹಂತ 1: ಹಣ ಕಟ್ಟುವ ಮೊದಲು ಒಮ್ಮೆ ಹೋಗಿ ನೋಡಿ

ಯಂತ್ರಗಳು ಓಡುತ್ತಿರುವ ಹೊತ್ತಿಗೇ ಹೋಗಿ. ಖಾಲಿ ಇದ್ದಾಗ ಎಲ್ಲ ಕೊಠಡಿಗಳೂ ಚೆನ್ನಾಗಿಯೇ ಕಾಣುತ್ತವೆ. ಸಾಣೆ ಚಕ್ರಗಳ ಮೇಲೆ ನೀರು ಅಗಲಕ್ಕೂ ಸಮನಾಗಿ ಬೀಳುತ್ತಿದೆಯೇ, ಅರೆಯುವವರು ಕನ್ನಡಕ ಹಾಕಿದ್ದಾರೆಯೇ, ಗ್ಯಾಸ್ ಸಿಲಿಂಡರ್‌ಗಳನ್ನು ನೆಟ್ಟಗೆ ನಿಲ್ಲಿಸಿ ಸರಪಳಿ ಬಿಗಿದಿದ್ದಾರೆಯೇ, ಬೆಸುಗೆ ಮೇಜಿನ ಬಳಿ ಹೊಗೆ ಎಳೆಯುವ ಫ್ಯಾನ್ ಇದೆಯೇ ಎಂದು ಗಮನಿಸಿ.

ಇವೆಲ್ಲಕ್ಕಿಂತ ಮುಖ್ಯವಾಗಿ ನೆಲದ ಮೂಲೆ, ಯಂತ್ರಗಳ ಹಿಂಬದಿ ನೋಡಿ. ಒಣಗಿದ ಬಿಳಿ ಪುಡಿ ಕೂತಿದ್ದರೆ ಅಲ್ಲಿ ಸಮಸ್ಯೆ ಇದೆ. ಅಗೇಟ್, ಜಾಸ್ಪರ್‌ನಂಥ ಕಲ್ಲುಗಳೆಲ್ಲ ಸಿಲಿಕಾ. ಅದರ ಸೂಕ್ಷ್ಮ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಒಮ್ಮೆ ಬಂದರೆ ವಾಸಿಯಾಗುವ ಕಾಯಿಲೆ ಅಲ್ಲ ಅದು. ನೀರಿನಲ್ಲಿ ಅರೆದರೂ ಕೆಸರು ಒಣಗಿತೆಂದರೆ ಮತ್ತೆ ದೂಳೇ. ಒಳ್ಳೆಯ ಕ್ಲಬ್‌ನಲ್ಲಿ ದಿನದ ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ, ಪೊರಕೆ ಹಿಡಿಯುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು ಕೆಲವೇ. ಪ್ರತಿ ಯಂತ್ರಕ್ಕೂ ಬೇರೆ ಬೇರೆ ತರಬೇತಿ ಕೊಟ್ಟು ಅನುಮತಿ ಬರೆದಿಡುತ್ತಾರೆಯೇ? ಪಾಠವಿಲ್ಲದ ಹೊತ್ತಲ್ಲಿ ಬಂದು ಕೆಲಸ ಮಾಡುವಾಗ ತಿಳಿದವರೊಬ್ಬರು ಇರುತ್ತಾರೆಯೇ? ವಾರ್ಷಿಕ ಶುಲ್ಕದ ಮೇಲೆ ಗಂಟೆ ಲೆಕ್ಕದ ದುಡ್ಡೂ ಉಂಟೇ? ಬ್ಲೇಡ್ ಮುರಿದರೆ, ಚಕ್ರ ಹರಿದರೆ ಯಾರು ಕೊಡಬೇಕು? ಬೆಳ್ಳಿ ತರಗತಿಗೆ ಎಷ್ಟು ತಿಂಗಳ ಸರದಿ? ಸರದಿ ಉದ್ದವಿದ್ದರೆ ಹೆಸರನ್ನು ಈಗಲೇ ಬರೆಸಿಬಿಡಿ. ಅಷ್ಟರೊಳಗೆ ಕಲ್ಲಿನ ಕೆಲಸ ಕೈಗೆ ಬಂದಿರುತ್ತದೆ. “ಇಲ್ಲಿ ತರಬೇತಿ ಅಂತೇನಿಲ್ಲ, ನೋಡಿ ನೋಡಿ ಕಲಿಯೋದು” ಎಂಬ ಉತ್ತರ ಬಂದರೆ ಬೇರೆ ಕ್ಲಬ್ ಹುಡುಕುವುದು ಒಳ್ಳೆಯದು.

ಹಂತ 2: ಸ್ವಂತಕ್ಕೆ ಏನು ಬೇಕು, ಏನು ಬೇಡ

ಯಂತ್ರ, ಗ್ಯಾಸ್ ಟಾರ್ಚ್, ಗರಗಸ ಯಾವುದನ್ನೂ ಈಗ ಕೊಳ್ಳಬೇಡಿ. ಕಣ್ಣಿನ ರಕ್ಷಣೆಯ ಕನ್ನಡಕ, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಅಥವಾ ಪಿ100 ಮಾಸ್ಕ್, ನೀರು ಹೀರದ ಏಪ್ರನ್, ಹತ್ತಿಯ ಎರಡು ಬಟ್ಟೆ, 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಒಂದು ಕ್ಯಾಲಿಪರ್, ಅಂಡಾಕಾರದ ರಂಧ್ರಗಳಿರುವ ಪ್ಲಾಸ್ಟಿಕ್ ಅಚ್ಚು, ಚೂಪು ಮಾಡಿದ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಕಡ್ಡಿ. ಇಷ್ಟು ಸಾಕು.

ಕೈಗವಸು ಬೇಡ. ತಿರುಗುವ ಚಕ್ರಕ್ಕೆ ಅದರ ತುದಿ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಉಂಗುರ, ಬಳೆ, ಜೋಲುವ ತೋಳು, ಬಿಟ್ಟ ಕೂದಲು, ದುಪ್ಪಟ್ಟದ ತುದಿ, ಇವೂ ಅದೇ ಲೆಕ್ಕ.

ಹಂತ 3: ಮೊದಲ ಕಲ್ಲಿನ ಆಯ್ಕೆ

ಅಗೇಟ್ ಅಥವಾ ಒತ್ತಾದ ಜಾಸ್ಪರ್ ತೆಗೆದುಕೊಳ್ಳಿ. ಮೋಸ್ ಗಡಸುತನದ ಮಾಪನದಲ್ಲಿ ಇವು 6.5ರಿಂದ 7. ಚಕ್ರಕ್ಕೆ ಕೊಟ್ಟರೆ ನಿಧಾನವಾಗಿ ಸವೆಯುತ್ತವೆ, ತಪ್ಪು ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಮ್ಯಾಲಕೈಟ್ ಬರೀ 3.5ರಿಂದ 4. ಎಲ್ಲಕ್ಕಿಂತ ಒರಟಾದ 80ರ ಚಕ್ರಕ್ಕೆ ತಾಗಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಮಿ.ಮೀ. ಹೋಗಿರುತ್ತದೆ, ಅದರ ತಾಮ್ರಭರಿತ ಪುಡಿ ವಿಷ ಬೇರೆ. ಸಿನಬಾರ್‌ನಲ್ಲಿ ಪಾದರಸವಿದೆ, ರಿಯಾಲ್ಗರ್‌ನಲ್ಲಿ ಆರ್ಸೆನಿಕ್ ಇದೆ. ಹೆಸರು ತಿಳಿಯದ ಕಲ್ಲನ್ನು ಚಕ್ರಕ್ಕೆ ಕೊಡುವ ಮೊದಲು ಕ್ಲಬ್‌ನ ಹಿರಿಯರಿಗೆ ತೋರಿಸಿ. ನಿಮಗೆ ಬಹಳ ಇಷ್ಟವಾದ ಕಲ್ಲು ಮನೆಯಲ್ಲೇ ಇರಲಿ, ಅದರ ಸರದಿ ಐದನೆಯದು.

ಗಟ್ಟಿಕಲ್ಲನ್ನು ನೀವೇ ಕೊಯ್ಯುವ ಅಗತ್ಯವಿಲ್ಲ. ದೊಡ್ಡ ಗರಗಸ ಎಣ್ಣೆಯಲ್ಲಿ ಓಡುವಂಥದು, ಹೊಸಬರ ಕೈಗೆ ಕೊಡುವುದೂ ಇಲ್ಲ. ಕ್ಲಬ್‌ಗಳಲ್ಲಿ ಕೊಯ್ದ ಹಲಗೆಗಳು ಸಾಮಾನ್ಯವಾಗಿ ಸಿಗುತ್ತವೆ. 6 ಮಿ.ಮೀ. ದಪ್ಪದ್ದನ್ನು ಆರಿಸಿ. 4 ಮಿ.ಮೀ. ಆದರೆ ಗುಮ್ಮಟಕ್ಕೆ ಎತ್ತರ ಸಾಲದು, ಹರಳು ಗುಂಡಿಯಂತೆ ಚಪ್ಪಟೆಯಾಗಿ ಕಾಣುತ್ತದೆ.

ಬಿರುಕು ಪತ್ತೆಹಚ್ಚುವ ಉಪಾಯ ಸರಳ. ಹಲಗೆಯನ್ನು ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ಒಣಗುವುದನ್ನೇ ನೋಡುತ್ತಿರಿ. ಮೇಲ್ಮೈ ಒಣಗಿದ ಮೇಲೂ ಎಲ್ಲೋ ಒಂದು ಕಡೆ ಕೂದಲೆಳೆಯಂಥ ಕಪ್ಪು ಗೆರೆ ಉಳಿಯಿತೇ? ಅದು ನೀರು ಕುಡಿದ ಬಿರುಕು. ಗೆರೆಗೆ ಉಗುರು ತಾಗಿಸಿ ಎಳೆಯಿರಿ; ಉಗುರು ಸಿಕ್ಕಿಕೊಂಡರೆ ಆ ಭಾಗ ಬಿಟ್ಟುಬಿಡಿ. ಸಿಕ್ಕಿಕೊಳ್ಳದಿದ್ದರೂ ಗೆರೆ ನಿಮ್ಮ ಅಂಡಾಕಾರದ ನಡುವೆ ಬರದ ಹಾಗೆ ಅಚ್ಚನ್ನು ಸರಿಸಿ.

ಹಂತ 4: ಗುರುತು ಹಾಕಿ ಕೊಯ್ಯುವುದು

ಚಿತ್ತಾರ ಚೆನ್ನಾಗಿರುವ ಮುಖ ಮೇಲಿರಲಿ, ಗುರುತು ಹಿಂಬದಿಗೆ ಹಾಕಿ. ಅಚ್ಚಿನ ಒಳ ಅಂಚಿಗೆ ಅಲ್ಯೂಮಿನಿಯಂ ಕಡ್ಡಿಯನ್ನು ಒತ್ತಿ ಎಳೆದರೆ ಬೆಳ್ಳಗಿನ ಗೆರೆ ಮೂಡುತ್ತದೆ. ಮಾರ್ಕರ್ ಪೆನ್ನಿನ ಗೆರೆ ಚಕ್ರದ ನೀರಿಗೆ ಅರ್ಧ ನಿಮಿಷ ನಿಲ್ಲದು.

ಸಣ್ಣ ಕೊಯ್ಯುವ ಗರಗಸದ ಬ್ಲೇಡ್‌ಗೆ ಹಲ್ಲಿರುವುದಿಲ್ಲ, ಅಂಚಿನಲ್ಲಿ ವಜ್ರದ ಪುಡಿ ಕೂರಿಸಿರುತ್ತಾರೆ. ಅದು ಕಲ್ಲನ್ನು ಸವೆಸುತ್ತಾ ಹೋಗುತ್ತದೆ, ಮರದಂತೆ ಕತ್ತರಿಸುವುದಿಲ್ಲ. ಹಾಗಾಗಿ ದುಂಡಗೆ ತಿರುಗಿಸಲು ಹೋಗಬೇಡಿ. ಪಕ್ಕಕ್ಕೆ ಒತ್ತಿದ ತಕ್ಷಣ ತೆಳು ಬ್ಲೇಡ್ ಬಟ್ಟಲಿನಂತೆ ಬಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ನೇರ ಗೆರೆಗಳಲ್ಲಿ ಮೂಲೆಗಳನ್ನು ಒಂದೊಂದಾಗಿ ತೆಗೆಯಿರಿ. ಗುರುತಿನ ಗೆರೆಯಿಂದ 1ರಿಂದ 2 ಮಿ.ಮೀ. ದೂರದಲ್ಲೇ ನಿಲ್ಲಿ. ಕೊಯ್ತ ಮುಗಿಯಲು ಇನ್ನೇನು ಎರಡು ಮಿ.ಮೀ. ಇದೆ ಎನ್ನುವಾಗ ಒತ್ತಡ ಬಿಡಿ, ಇಲ್ಲವಾದರೆ ಕೊನೆಯಲ್ಲಿ ಕಲ್ಲು ಮುರಿದು ಅಂಚಿನಿಂದ ಚಕ್ಕೆ ಏಳುತ್ತದೆ.

ಎಚ್ಚರಿಕೆಯ ಗುರುತುಗಳು: ಕಿಡಿ ಕಂಡರೆ, ಕಿರುಗುಟ್ಟುವ ಸದ್ದು ಬಂದರೆ, ಕೊಯ್ದ ಅಂಚು ಒಣಗಿ ಬೆಳ್ಳಗೆ ಕಂಡರೆ ನೀರು ಕಡಿಮೆಯಾಗಿದೆ. ಯಂತ್ರ ನಿಲ್ಲಿಸಿ ತೊಟ್ಟಿ ನೋಡಿ.

ಹಂತ 5: ಅಂಚು ತರುವುದು

ಸಾಮಾನ್ಯವಾಗಿ ಕ್ಯಾಬೊಷನ್ ಮಾಡುವ ಯಂತ್ರದಲ್ಲಿ ಆರು ಚಕ್ರ: 80, 220 ಗಟ್ಟಿ ಚಕ್ರಗಳು, 280, 600, 1200, 3000 ಮೆತ್ತೆಯಂತೆ ಒತ್ತಿಕೊಳ್ಳುವ ಚಕ್ರಗಳು. ಸಂಖ್ಯೆ ಹೆಚ್ಚಾದಷ್ಟೂ ಪುಡಿ ನುಣುಪು.

80ರ ಮೇಲೆ ಗೆರೆಯಿಂದ ಅರ್ಧ ಮಿ.ಮೀ. ಹೊರಗೇ ನಿಲ್ಲಿಸಿ, ಉಳಿದದ್ದನ್ನು 220ರಲ್ಲಿ ಗೆರೆಗೆ ತನ್ನಿ. 80 ಅಂಚಿನಿಂದ ಸಣ್ಣ ಸಣ್ಣ ಚಕ್ಕೆ ಎಬ್ಬಿಸುತ್ತದೆ. ಗೆರೆಯವರೆಗೂ ಅದರಲ್ಲೇ ಹೋದರೆ ಆ ಗುಳಿಗಳು ಗೆರೆಯೊಳಗೆ ಉಳಿಯುತ್ತವೆ. ಕಲ್ಲನ್ನು ಚಕ್ರದ ನಡುಮಟ್ಟಕ್ಕಿಂತ ಸ್ವಲ್ಪ ಕೆಳಗೆ ಹಿಡಿದು, ಎಡದಿಂದ ಬಲಕ್ಕೆ ಇಡೀ ಅಗಲವನ್ನೂ ಬಳಸಿ ಆಡಿಸುತ್ತಿರಿ. ಒಂದೇ ಜಾಗದಲ್ಲಿ ಒತ್ತಿದರೆ ಚಕ್ರದಲ್ಲಿ ಗಾಡಿಜಾಡು ಬೀಳುತ್ತದೆ. ಕ್ಲಬ್‌ನಲ್ಲಿ ಹೊಸಬರ ಮೇಲೆ ಹಳಬರು ರೇಗುವುದು ಹೆಚ್ಚಾಗಿ ಇದಕ್ಕೇ.

ಅಂಚು ಬಂದ ಕೂಡಲೇ ಹಿಂಬದಿಯ ಅಂಚಿಗೆ ಸುತ್ತಲೂ ಅರ್ಧ ಮಿ.ಮೀ.ನಷ್ಟು 45 ಡಿಗ್ರಿ ಓರೆ ಕೊಡಿ. ಇದನ್ನು ಬಿಟ್ಟವರೇ ಹೆಚ್ಚು. ಚೂಪಾದ ಅಡಿ ಅಂಚು ಮುಂದಿನ ಹಂತಗಳಲ್ಲಿ ಚಕ್ಕೆಯೇಳುತ್ತದೆ. ಅದೂ ಅಲ್ಲದೆ ಬೆಳ್ಳಿ ಕಟ್ಟಿನ ಒಳಮೂಲೆಯಲ್ಲಿ ಬೆಸುಗೆ ತುಸು ಉಬ್ಬಿಕೊಂಡಿರುತ್ತದೆ. ಆ ಉಬ್ಬಿಗೆ ಜಾಗ ಬೇಕು, ಇಲ್ಲದಿದ್ದರೆ ಹರಳು ತಳಕ್ಕೆ ಕೂರುವುದಿಲ್ಲ.

ಹಂತ 6: ಅರಗಿನಿಂದ ಕಡ್ಡಿಗೆ ಕೂರಿಸುವುದು

ಬೆರಳಲ್ಲೇ ಹಿಡಿದು ಗುಮ್ಮಟ ತರಲು ಹೋದರೆ ಬೆರಳ ತುದಿಯೂ ಸವೆಯುತ್ತದೆ, ಆಕಾರವೂ ಸಮ ಬರುವುದಿಲ್ಲ. ಕಲ್ಲಿನ ಅಗಲದ ಅರ್ಧಕ್ಕಿಂತ ತುಸು ಹೆಚ್ಚು ದಪ್ಪದ ಮರದ ಕಡ್ಡಿಗೆ ಅರಗು ಹಚ್ಚಿ ಕಲ್ಲಿನ ಹಿಂಬದಿಗೆ ಕೂರಿಸಿ.

ಇಲ್ಲಿ ಕೈಕೊಡುವುದು ಒಂದೇ ವಿಷಯ: ಕಲ್ಲು ತಣ್ಣಗಿರುವುದು. ಅರಗು ಎಷ್ಟೇ ಬಿಸಿಯಿರಲಿ, ತಣ್ಣಗಿನ ಕಲ್ಲಿಗೆ ತಾಗಿದೊಡನೆ ಚರ್ಮ ಕಟ್ಟಿಕೊಂಡು ಮೇಲೆ ಕೂರುತ್ತದೆ, ಹಿಡಿಯುವುದಿಲ್ಲ. ಹತ್ತು ನಿಮಿಷದ ನಂತರ 80ರ ಚಕ್ರದ ಮೇಲೆ ಕಲ್ಲು ಹಾರಿಹೋಗುತ್ತದೆ. ಕಲ್ಲನ್ನು ಒಣಗಿಸಿ, ಅರಗಿನ ಪಾತ್ರೆಯ ಮುಚ್ಚಳದ ಮೇಲೆ ನಿಧಾನವಾಗಿ ಬಿಸಿ ಮಾಡಿ. ಬೆರಳಿಟ್ಟರೆ ತಡೆಯಲಾಗದಷ್ಟು ಬಿಸಿಯಾದಾಗ ಹದ ಬಂತೆಂದು ಲೆಕ್ಕ. ಅರಗು ಕಲ್ಲಿನ ಕಡೆ ಅಗಲವಾಗಿ, ಕಡ್ಡಿಯ ಕಡೆ ಕಿರಿದಾಗಿ ಶಂಕುವಿನಂತೆ ಕೂರಬೇಕು. ಒದ್ದೆ ಬೆರಳಿಂದ ಒತ್ತಿ ತಿದ್ದಿ, ಕಡ್ಡಿ ನೆಟ್ಟಗಿದೆಯೇ ಎಂದು ಎರಡು ದಿಕ್ಕಿನಿಂದ ನೋಡಿ, ಪೂರ್ತಿ ಆರಲು ಬಿಡಿ. ಅರಗು ಹೊಗೆಯಾಡಿದರೆ ಕಾವು ಜಾಸ್ತಿ. ಹಾಗೆ ಸುಟ್ಟ ಅರಗು ಪೆಡಸಾಗಿ ಉದುರುತ್ತದೆ. ಓಪಲ್‌ನಂಥ ಕಾವು ತಡೆಯದ ಕಲ್ಲುಗಳಿಗೆ ಈ ದಾರಿ ಬೇಡ, ಸೂಪರ್‌ಗ್ಲೂ ಅಂಟಿಸುವ ವಿಧಾನ ಬೇರೆ ಇದೆ.

ಹಂತ 7: ಗುಮ್ಮಟ

ಅಡಿಯಿಂದ 2 ಮಿ.ಮೀ. ಮೇಲೆ ಕಲ್ಲಿನ ಸುತ್ತಲೂ ಒಂದು ಗೆರೆ ಎಳೆಯಿರಿ. ಈ ಗೆರೆಯ ಕೆಳಗೆ ಇನ್ನು ಯಾವ ಚಕ್ರವೂ ಆಕಾರ ಬದಲಿಸಬಾರದು; ಬೆಳ್ಳಿಯ ಗೋಡೆ ನಿಲ್ಲುವ ಜಾಗ ಅದು.

80ರಲ್ಲಿ ಮೊದಲು ಗೆರೆಯ ಹತ್ತಿರದಿಂದ ಸುತ್ತಲೂ 45 ಡಿಗ್ರಿಯ ಓರೆ. ಅದು ಸಮವಾಗಿ ಒಂದು ಸುತ್ತು ಬಂದ ಮೇಲೆ ಓರೆಯ ಮೇಲಿನ ಏಣನ್ನು ಮುರಿದು ಎರಡನೇ ಓರೆ, ಆಮೇಲೆ ಕೆಳಗಿನ ಏಣನ್ನು ಮುರಿದು ಮೂರನೆಯದು. ಈ ಹೊತ್ತಿಗೆ ತಲೆಯ ಮೇಲೆ ಒಂದು ಚಪ್ಪಟೆ ಅಂಡಾಕಾರ ಉಳಿದಿರುತ್ತದೆ. ಅದನ್ನು ಕೊನೆಯವರೆಗೂ ಮುಟ್ಟಬೇಡಿ. ತಲೆಯನ್ನೇ ಮೊದಲು ಅರೆಯುವುದು ಹೊಸಬರ ಅಭ್ಯಾಸ. ಅದರಿಂದ ಎತ್ತರ ಹೋಗುತ್ತದೆ, ಬದಿಗಳು ಹಾಗೇ ಭುಜ ಎತ್ತಿಕೊಂಡು ನಿಲ್ಲುತ್ತವೆ. 220ಕ್ಕೆ ಹೋದ ಮೇಲೆ ಕಡ್ಡಿಯನ್ನು ಬೆರಳಲ್ಲಿ ಉರುಳಿಸುತ್ತಾ, ಗೆರೆಯಿಂದ ನೆತ್ತಿಯವರೆಗೆ ಒಂದೇ ಬೀಸಿನಲ್ಲಿ ಕಲ್ಲನ್ನು ತೂಗಿ. ಚಪ್ಪಟೆ ಭಾಗ ಕಿರಿದಾಗುತ್ತಾ ತಾನಾಗಿಯೇ ಮಾಯವಾಗುತ್ತದೆ.

ಆಕಾರದ ಕೆಲಸ 220ರಲ್ಲೇ ಮುಗಿಯಬೇಕು. ಮುಂದಿನ ಚಕ್ರಗಳು ಗೀರು ತೆಗೆಯುತ್ತವೆಯೇ ಹೊರತು ಚಪ್ಪಟೆ ತಾಣಗಳನ್ನು ತೆಗೆಯುವುದಿಲ್ಲ.

ಹಂತ 8: ಒಣಗಿಸಿ ನೋಡುವುದು, ಮತ್ತೆ ಒಣಗಿಸಿ ನೋಡುವುದು

ಹೆಚ್ಚಿನ ಹರಳುಗಳು ಕೆಡುವುದು ಈ ಹಂತದಲ್ಲಿ, ಹಾಗಾಗಿ ಇದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ.

ಒದ್ದೆ ಕಲ್ಲು ಸುಳ್ಳು ಹೇಳುತ್ತದೆ. ನೀರು ಗೀರುಗಳೊಳಗೆ ಕೂತು ಮೇಲ್ಮೈಯನ್ನು ಸಮ ಮಾಡಿಬಿಡುವುದರಿಂದ 280ರಲ್ಲೇ ಕಲ್ಲು ಹೊಳೆಯುವಂತೆ ಕಾಣುತ್ತದೆ. ಕಲಿಯುವವರು ಅದನ್ನು ನಂಬಿ 600ಕ್ಕೆ, 1200ಕ್ಕೆ ಹೋಗುತ್ತಾರೆ. 3000ದಲ್ಲಿ ಒರೆಸಿ ನೋಡಿದಾಗ ಹೊಳಪಿನ ಅಡಿಯಲ್ಲಿ 80ರ ಗೀರುಗಳು ಸಾಲಾಗಿ ಮಲಗಿರುತ್ತವೆ. ಅವನ್ನು ತೆಗೆಯಲು 3000ದ ಚಕ್ರದಲ್ಲಿ ಇಡೀ ಸಂಜೆ ಕೂತರೂ ಆಗದು, 220ಕ್ಕೇ ವಾಪಸು ಹೋಗಬೇಕು.

ಪ್ರತಿ ಚಕ್ರ ಬಿಡುವ ಮೊದಲು ಹೀಗೆ ಮಾಡಿ. ಕಲ್ಲನ್ನು ಹತ್ತಿ ಬಟ್ಟೆಯಿಂದ ಒರೆಸಿ, ಒಂದು ನಿಮಿಷ ಗಾಳಿಗೆ ಹಿಡಿದು ಪೂರ್ತಿ ಒಣಗಿಸಿ. ಒಂದೇ ಕಡೆಯಿಂದ ಬರುವ ಬೆಳಕಿನ ಕೆಳಗೆ, ಟ್ಯೂಬ್‌ಲೈಟ್ ಆದರೆ ಇನ್ನೂ ಒಳ್ಳೆಯದು, ಕಲ್ಲನ್ನು ನಿಧಾನ ಹೊರಳಿಸಿ. ಬೆಳಕಿನ ಪಟ್ಟಿ ಗುಮ್ಮಟದ ಮೇಲೆ ಹರಿಯುತ್ತಾ ಹೋಗಬೇಕು. ಎಲ್ಲಾದರೂ ತಟ್ಟನೆ ಅಗಲವಾಗಿ ನಿಂತರೆ ಅಲ್ಲಿ ಚಪ್ಪಟೆ ತಾಣವಿದೆ. ಆಮೇಲೆ ಭೂತಗನ್ನಡಿ. ಎಲ್ಲ ಗೀರುಗಳೂ ಒಂದೇ ಆಳ, ಒಂದೇ ಥರ ಇದ್ದರೆ ಮುಂದಿನ ಚಕ್ರಕ್ಕೆ ಹೋಗಬಹುದು. ಅವುಗಳ ನಡುವೆ ಒಂದೆರಡು ಆಳವಾದವು ಕಂಡರೂ ಇದೇ ಚಕ್ರದಲ್ಲಿ ಮುಂದುವರಿಯಿರಿ. ಹೊಸ ಚಕ್ರದಲ್ಲಿ ಹಿಂದಿನ ಗೀರುಗಳಿಗೆ ಅಡ್ಡವಾಗಿ ಉಜ್ಜಿದರೆ ಹಳೆಯವು ಬೇರೆ ದಿಕ್ಕಿನಲ್ಲಿ ಎದ್ದು ಕಾಣುತ್ತವೆ.

280ರಲ್ಲಿ ಹಿಡಿಯುವ ಸಮಯ ಮುಂದಿನ ಮೂರೂ ಚಕ್ರಗಳ ಒಟ್ಟು ಸಮಯಕ್ಕಿಂತ ಹೆಚ್ಚಾದರೆ ಆಶ್ಚರ್ಯವಿಲ್ಲ, ಹಾಗೇ ಆಗಬೇಕು. ಇನ್ನೊಂದು ಮಾತು: ಹೊಸದಾಗಿ ಹಾಕಿದ ಮೆತ್ತೆ ಚಕ್ರ ಕೆಲಕಾಲ ತನ್ನ ಸಂಖ್ಯೆಗಿಂತ ಒರಟಾಗಿ ಗೀರುತ್ತದೆ. ಎಷ್ಟು ಉಜ್ಜಿದರೂ ಹೊಸ ಗೀರು ಹುಟ್ಟುತ್ತಲೇ ಇದ್ದರೆ ಚಕ್ರ ಯಾವಾಗ ಬದಲಾಯಿತು ಎಂದು ವಿಚಾರಿಸಿ.

ಚಕ್ರದಿಂದ ಚಕ್ರಕ್ಕೆ ಹೋಗುವಾಗ ಕಲ್ಲು, ಕಡ್ಡಿ, ಕೈ ಮೂರನ್ನೂ ತೊಳೆಯಿರಿ. ಉಗುರಿನ ಸಂದಿಯಲ್ಲಿ ಉಳಿದ 80ರ ಒಂದು ಕಣ 3000ದ ಚಕ್ರಕ್ಕೆ ಅಂಟಿದರೆ ಆ ವಾರ ಅದನ್ನು ಬಳಸುವ ಎಲ್ಲರ ಹರಳಿಗೂ ಗೀರು.

1200 ಮುಗಿದಾಗ ಒಣ ಕಲ್ಲಿನಲ್ಲಿ ಕಿಟಕಿಯ ಪ್ರತಿಬಿಂಬ ಮಸುಕಾಗಿ ಕಾಣಬೇಕು, 3000ದಲ್ಲಿ ಕಿಟಕಿಯ ಸರಳುಗಳನ್ನು ಎಣಿಸುವಂತಿರಬೇಕು. ಕೊನೆಯ ಹೊಳಪಿಗೆ ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಕಲಸಿ, ಉಣ್ಣೆ ಫೆಲ್ಟ್ ಅಥವಾ ಚರ್ಮದ ತಟ್ಟೆಯ ಮೇಲೆ ಉಜ್ಜಿ. ತಟ್ಟೆ ಬಹುತೇಕ ಒಣಗಿ ಕಲ್ಲನ್ನು ಎಳೆಯತೊಡಗುವ ಹೊತ್ತಲ್ಲಿ ಹೊಳಪು ಏರುತ್ತದೆ. ಅದೇ ಹೊತ್ತಿಗೆ ಕಲ್ಲು ಬಿಸಿಯಾಗಿ ಅರಗು ಸಡಿಲುವುದೂ ಉಂಟು, ಕೈಯಿಂದ ಮುಟ್ಟಿ ನೋಡುತ್ತಿರಿ. ಜಾಸ್ಪರ್‌ನಲ್ಲಿ ಮೆತ್ತಗಿನ ಭಾಗಗಳು ತಗ್ಗಾಗಿ, ಮೇಲ್ಮೈ ಕಿತ್ತಳೆ ಸಿಪ್ಪೆಯಂತಾದರೆ ಒತ್ತಡ ಹೆಚ್ಚಾಗಿದೆ ಎಂದರ್ಥ. 600ಕ್ಕೆ ಮರಳಿ, ಹಗುರ ಕೈಯಲ್ಲಿ ಮತ್ತೆ ಬನ್ನಿ.

ಕಡ್ಡಿಯಿಂದ ಬಿಡಿಸಲು ಕಾಲು ಗಂಟೆ ಫ್ರೀಜರ್‌ನಲ್ಲಿಡಿ, ಅರಗು ಕುಗ್ಗಿ ಹರಳು ಟಪ್ಪನೆ ಬಿಡುತ್ತದೆ. ಚಾಕುವಿನಿಂದ ಕೀಳಬೇಡಿ. ತೊಟ್ಟಿಯ ಕೆಸರನ್ನು ಸಿಂಕಿಗೆ ಸುರಿಯಬೇಡಿ, ಕೊಳವೆಯೊಳಗೆ ಅದು ಗಾರೆಯಂತೆ ಗಟ್ಟಿಯಾಗುತ್ತದೆ.

ಹಂತ 9: ಬೆಳ್ಳಿಗೆ ಮೊದಲು ತಾಮ್ರ

ಬೆಳ್ಳಿ ತರಗತಿಯ ಮೊದಲೆರಡು ದಿನ ತಾಮ್ರದ ತಗಡಿನ ಮೇಲೆ ಕಳೆಯಿರಿ. ಗರಗಸದ ಚೌಕಟ್ಟಿಗೆ 2/0 ಅಥವಾ 3/0 ಅಳತೆಯ ಎಲೆ, ಅಂದರೆ ತೆಳು ಬ್ಲೇಡ್, ಹಾಕಿ. ಹಲ್ಲುಗಳು ಹೊರಮುಖವಾಗಿ, ಹಿಡಿಯ ಕಡೆಗೆ ಇಳಿಯುವಂತಿರಬೇಕು. ಬೆರಳಲ್ಲಿ ಮೀಟಿದರೆ ತಂತಿಯಂತೆ ಠಿಣ್ ಎನ್ನಬೇಕು. ಸಡಿಲ ಎಲೆ ಬಾಗಿ ಮುರಿಯುತ್ತದೆ. ಮೊದಲ ದಿನ ಹತ್ತು ಎಲೆ ಮುರಿದರೂ ಬೇಸರ ಬೇಡ.

ತಾಮ್ರದ ಮೇಲೇ ಬೆಸುಗೆಯನ್ನೂ ಮೂರು ಬಾರಿ ಮಾಡಿ. ಬೆಸುಗೆ ಹರಿಯಲೆಂದು ಲೋಹಕ್ಕೆ ಹಚ್ಚುವ ಬಿಳಿಗಾರ ಮೊದಲು ಕುದಿದು ಬೆಳ್ಳಗೆ ಉಬ್ಬುತ್ತದೆ, ಆಮೇಲೆ ಕುಸಿಯುತ್ತದೆ, ಕೊನೆಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟುವಾಗ ಗಾಜಿನಂತೆ ತಿಳಿಯಾಗುತ್ತದೆ. ತಿಳಿಯಾದ ಸ್ವಲ್ಪ ಹೊತ್ತಿಗೆ ಬೆಸುಗೆ ಹರಿಯುತ್ತದೆ. ಈ ಮೂರು ರೂಪ ಕಣ್ಣಿಗೆ ಪರಿಚಯವಾಗಿದ್ದರೆ ಬೆಳ್ಳಿ ಕರಗಿಸಿಕೊಳ್ಳುವ ಸಂಭವ ಬಹಳ ಕಡಿಮೆ.

ಹಂತ 10: ಹರಳಿನ ಸುತ್ತ ಬೆಳ್ಳಿಯ ಗೋಡೆ

ಗೋಡೆಗೆ, ಅಂದರೆ ಬೆಜೆಲ್‌ಗೆ, 99.9 ಶುದ್ಧದ ಬೆಳ್ಳಿ ಪಟ್ಟಿ: 3 ಮಿ.ಮೀ. ಎತ್ತರ, 28 ಗೇಜ್, ಎಂದರೆ ಸುಮಾರು 0.32 ಮಿ.ಮೀ. ದಪ್ಪ. ತಳಕ್ಕೆ 24 ಗೇಜಿನ ಸ್ಟರ್ಲಿಂಗ್ ತಗಡು. ಸ್ಟರ್ಲಿಂಗ್‌ನಲ್ಲಿ ಬೆಳ್ಳಿ 92.5 ಭಾಗ, ಉಳಿದದ್ದು ಹೆಚ್ಚಾಗಿ ತಾಮ್ರ. ಶುದ್ಧ ಬೆಳ್ಳಿ ಮೆತ್ತಗಿರುವುದರಿಂದ ಹರಳಿನ ಮೇಲೆ ಸುಲಭವಾಗಿ ಮಡಚಿಕೊಳ್ಳುತ್ತದೆ.

ಉದ್ದದ ಲೆಕ್ಕ ಹೀಗೆ. ಹರಳಿನ ಉದ್ದ ಅಗಲ ಕೂಡಿಸಿ ಅರ್ಧ ಮಾಡಿ: 30 ಮತ್ತು 22 ಕೂಡಿ 52, ಅರ್ಧ 26. ಅದನ್ನು 3.14ರಿಂದ ಗುಣಿಸಿದರೆ 81.6, ಅಂಡಾಕಾರಕ್ಕೆ ತುಸು ಹೆಚ್ಚು, 82 ಎನ್ನಿ. ಪಟ್ಟಿಯ ದಪ್ಪಕ್ಕಾಗಿ 1 ಮಿ.ಮೀ. ಸೇರಿಸಿ, 83. ನಿಮ್ಮ ಹರಳು ಅಚ್ಚಿನ ಅಳತೆಗೆ ನಿಖರವಾಗಿ ಬಂದಿರುವುದಿಲ್ಲವಾದ್ದರಿಂದ ಕ್ಯಾಲಿಪರ್‌ನ ಅಳತೆಯನ್ನೇ ಬಳಸಿ. 85 ಕತ್ತರಿಸಿ, ಹರಳಿಗೆ ಸುತ್ತಿ, ತುದಿಗಳು ಒಂದರ ಮೇಲೊಂದು ಬರುವಲ್ಲಿ ಗುರುತು ಮಾಡಿ, ಆಮೇಲೆ ಕತ್ತರಿಸಿ ಅರದಿಂದ ಉಜ್ಜಿ ಚೊಕ್ಕ ಮಾಡಿ.

ಎರಡು ತುದಿ ಕೂಡುವ ಜಾಗವನ್ನು ಬೆಳಕಿಗೆ ಹಿಡಿಯಿರಿ. ಬೆಳಕಿನ ಎಳೆ ತೂರಿದರೂ ಮತ್ತೆ ಉಜ್ಜಿ. ಬೆಸುಗೆ ಸಂದಿಯನ್ನು ತುಂಬುವುದಿಲ್ಲ, ತಾಗಿಕೊಂಡಿರುವುದನ್ನು ಮಾತ್ರ ಕೂಡಿಸುತ್ತದೆ. ಈ ಕೂಡಿಗೆ ಗಟ್ಟಿ ಬೆಸುಗೆ ಬಳಸಿ, ಚೂರು ಸಾಸಿವೆ ಕಾಳಿನಷ್ಟು ಸಾಕು. ಗಟ್ಟಿ, ಮಧ್ಯಮ, ಸುಲಭ ಎಂಬ ಮೂರು ಬಗೆಯಲ್ಲಿ ಗಟ್ಟಿಯದು ಹೆಚ್ಚು ಕಾವಿಗೆ ಹರಿಯುತ್ತದೆ. ಮುಂದಿನ ಕೂಡುಗಳಿಗೆ ಕಡಿಮೆ ಕಾವಿನವನ್ನು ಬಳಸಿದರೆ ಮೊದಲನೆಯದು ಬಿಚ್ಚಿಕೊಳ್ಳುವುದಿಲ್ಲ. ಹಳೆಯ ದಾಸ್ತಾನಿನ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರಬಹುದು. ಅದರ ಹೊಗೆ ಪ್ರಾಣಕ್ಕೇ ಅಪಾಯ, ಹಾಗಾಗಿ ಲೇಬಲ್ ಇಲ್ಲದ ಬೆಸುಗೆಯನ್ನು ಮುಟ್ಟಬೇಡಿ.

ಉಂಗುರವಾದ ಪಟ್ಟಿಯೊಳಗೆ ಹರಳು ಒತ್ತಡವಿಲ್ಲದೆ ಇಳಿಯಬೇಕು, ಅಲುಗಾಡಬಾರದು. ಬಿಗಿಯಾದರೆ ಗೂಟಕ್ಕೆ ಹಾಕಿ ಹಗುರವಾಗಿ ತಟ್ಟಿ ಹಿಗ್ಗಿಸಬಹುದು. ಸಡಿಲವಾದರೆ ಕತ್ತರಿಸಿ ಮತ್ತೆ ಬೆಸೆಯದೆ ದಾರಿಯಿಲ್ಲ. ಕೊನೆಗೆ 400ರ ಉಜ್ಜುಕಾಗದವನ್ನು ಗಾಜಿನ ಮೇಲಿಟ್ಟು, ಇಂಗ್ಲಿಷಿನ 8ರ ಆಕಾರದಲ್ಲಿ ಉಜ್ಜಿ ಪಟ್ಟಿಯ ಅಡಿಯನ್ನು ಸಮ ಮಾಡಿ.

ಹಂತ 11: ತಳಕ್ಕೆ ಬೆಸೆಯುವುದು

ಇಲ್ಲಿ ಹರಳು ಹತ್ತಿರವೂ ಇರಬಾರದು. ಹರಳಿಟ್ಟು ಬೆಸುಗೆ ಹಾಕಿದರೆ ಅದು ಸಿಡಿಯುತ್ತದೆ.

ತಗಡು, ಪಟ್ಟಿ ಎರಡನ್ನೂ ಉಜ್ಜಿ ಜಿಡ್ಡು ತೆಗೆದು, ಬಿಳಿಗಾರ ಹಚ್ಚಿ, ಜಾಲರಿ ಹಾಸಿದ ಮುಕ್ಕಾಲಿಯ ಮೇಲಿಡಿ. ಮಧ್ಯಮ ಬೆಸುಗೆಯ ಚೂರುಗಳನ್ನು ಪಟ್ಟಿಯ ಒಳಬದಿಗೆ ತಾಗಿದಂತೆ 7–8 ಮಿ.ಮೀ.ಗೆ ಒಂದರಂತೆ ಇಡಿ. ಬೇಗ ಕಾಯಿಸಿದರೆ ಬಿಳಿಗಾರ ಕುದಿದು ಚೂರುಗಳನ್ನು ಚೆಲ್ಲಾಡಿಬಿಡುತ್ತದೆ. ಶುರುವಿನಲ್ಲಿ ಜ್ವಾಲೆಯನ್ನು ದೂರ ಹಿಡಿಯಿರಿ, ಸರಿದ ಚೂರನ್ನು ಉಕ್ಕಿನ ಕಡ್ಡಿಯಿಂದ ತಳ್ಳಿ.

ಜ್ವಾಲೆ ತಗಡಿನ ಮೇಲಿರಲಿ, ಸಾಧ್ಯವಾದರೆ ಕೆಳಗಿನಿಂದ. ಬೆಸುಗೆ ಕಾವಿರುವ ಕಡೆಗೆ ಹರಿಯುತ್ತದೆ. ತೆಳು ಗೋಡೆ ತಾನಾಗಿಯೇ ಬೇಗ ಕಾಯುತ್ತದೆ; ನೇರ ಜ್ವಾಲೆ ಕೊಟ್ಟರೆ ಚೂರುಗಳು ಗೋಡೆಯನ್ನು ಹತ್ತಿ ಹೋಗುತ್ತವೆ, ಮರುಕ್ಷಣ ಗೋಡೆ ಕುಸಿಯುತ್ತದೆ. ಸರಿಯಾದ ಕಾವು ಬಂದಾಗ ಪಟ್ಟಿಯ ಬುಡದಲ್ಲಿ ಪಾದರಸದಂಥ ಗೆರೆಯೊಂದು ಮಿಂಚಿ ಸುತ್ತಲೂ ಓಡುತ್ತದೆ. ಓಡಿದ ತಕ್ಷಣ ಜ್ವಾಲೆ ತೆಗೆಯಿರಿ. ಇನ್ನೊಂದಿಷ್ಟು ಇರಲಿ ಎಂದು ಹಿಡಿದ ಎರಡು ಸೆಕೆಂಡಿನಲ್ಲಿ ಎಷ್ಟೋ ಪದಕಗಳು ಹೋಗಿವೆ. ಸ್ಟರ್ಲಿಂಗ್ ಸುಮಾರು 890 ಡಿಗ್ರಿಗೆ ಪೂರ್ತಿ ಕರಗುತ್ತದೆ, ಕರಗಲು ಶುರುವಾಗುವುದು 800ರ ಆಸುಪಾಸಿನಲ್ಲೇ.

ಬೆಸುಗೆ ಹರಿಯದೆ ಗುಂಡಗೆ ಉಂಡೆಯಾಗಿ ಕೂತರೆ ಕೊಳೆ ಉಳಿದಿದೆ, ಇಲ್ಲವೇ ಲೋಹಕ್ಕಿಂತ ಮೊದಲು ಬೆಸುಗೆಗೇ ಕಾವು ತಾಗಿದೆ. ಕಾವು ಹೆಚ್ಚಿಸಬೇಡಿ, ನಿಲ್ಲಿಸಿ, ತೊಳೆದು, ಹೊಸದಾಗಿ ಶುರುಮಾಡಿ. ತಗಡಿನ ಮೇಲ್ಮೈ ನೀರಿನಂತೆ ನಡುಗಿ ಹೊಳೆದರೆ ಕರಗುವ ಅಂಚಿನಲ್ಲಿದೆ. ತಣಿದ ಮೇಲೆ ನೇರಳೆ ಕಲೆ ಉಳಿದಿದ್ದರೆ ಅತಿಯಾಗಿ ಕಾಯಿಸಿದ್ದರಿಂದ ಒಳಗಿನ ತಾಮ್ರ ಆಕ್ಸೈಡ್ ಆಗಿದೆ, ಉಜ್ಜುಕಾಗದವೇ ಅದಕ್ಕೆ ಮದ್ದು.

ಕೆಂಪು ಆರಿದ ಮೇಲೆ ನೀರಿಗೆ ಹಾಕಿ, ಆಮೇಲೆ ಬೆಚ್ಚಗಿನ ಪಿಕಲ್ ದ್ರಾವಣಕ್ಕೆ, ಅಂದರೆ ಬೆಸುಗೆಯ ಕರಿ ತೆಗೆಯುವ ಹುಳಿನೀರಿಗೆ, 5ರಿಂದ 10 ನಿಮಿಷ. ಬಿಸಿ ಲೋಹವನ್ನು ನೇರ ಪಿಕಲ್‌ಗೆ ಎಸೆದರೆ ಆಮ್ಲ ಮುಖಕ್ಕೆ ಸಿಡಿಯುತ್ತದೆ. ಒಳಗೆ ತಾಮ್ರದ ಚಿಮಟ ಮಾತ್ರ. ಕಬ್ಬಿಣದ ಚಿಮಟ ಅದ್ದಿದರೆ ಒಳಗಿರುವ ಬೆಳ್ಳಿಗೆಲ್ಲ ತಾಮ್ರದ ಬಣ್ಣ ಕೂರುತ್ತದೆ. ನೇತುಹಾಕುವ ಕೊಂಡಿಯನ್ನು ಕೊನೆಗೆ ಸುಲಭ ಬೆಸುಗೆಯಿಂದ ಕೂಡಿಸಿ.

ಹಂತ 12: ಹರಳು ಕೂರಿಸುವುದು

ಅರ, ಉಜ್ಜುಕಾಗದ, ಹೊಳಪು ಎಲ್ಲವನ್ನೂ ಕೂರಿಸುವ ಮೊದಲೇ ಮುಗಿಸಿ. ಹಾಗೆಯೇ, ಪರೀಕ್ಷೆಗೆಂದು ಹರಳನ್ನು ಕಟ್ಟಿನೊಳಗೆ ಇಳಿಸುವಾಗ ಅಡಿಯಲ್ಲಿ ಹಲ್ಲಿನ ಸಂದಿ ಶುಚಿ ಮಾಡುವ ದಾರವೊಂದನ್ನು (ಡೆಂಟಲ್ ಫ್ಲಾಸ್) ಹಾಸಿ, ಎರಡೂ ತುದಿ ಹೊರಗಿರಲಿ. ದಾರವಿಲ್ಲದೆ ಇಳಿಸಿದ ಹರಳು ಅಲ್ಲೇ ಸಿಕ್ಕಿಕೊಂಡು, ಹೊರತೆಗೆಯಲು ತಗಡಿಗೆ ತೂತು ಕೊರೆಯಬೇಕಾಗಿ ಬಂದದ್ದು ಕ್ಲಬ್‌ಗಳಲ್ಲಿ ಮಾಮೂಲು.

ಗೋಡೆಯನ್ನು ಒಂದು ಕಡೆಯಿಂದ ಸುತ್ತಿಕೊಂಡು ಬಂದರೆ ಕೊನೆಯಲ್ಲಿ ಹೆಚ್ಚಾದ ಬೆಳ್ಳಿ ಸುಕ್ಕಾಗುತ್ತದೆ. ಅಂಡಾಕಾರದ ಎರಡು ಕಿರಿದಾದ ತುದಿಗಳನ್ನು ಮೊದಲು ಒತ್ತಿ, ಆಮೇಲೆ ಎದುರುಬದುರಾಗಿ ಎರಡು ಬದಿ, ಆಮೇಲೆ ಅವುಗಳ ನಡುವಿನ ಜಾಗಗಳು. ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪವೇ ಒತ್ತಿ. ಗೋಡೆ ಹರಳಿಗೆ ಒರಗಿದ ಮೇಲೆ ನುಣುಪಾದ ಉಕ್ಕಿನ ಬರ್ನಿಷರ್‌ನಿಂದ ಅಂಚನ್ನು ಉಜ್ಜಿ ಮುಚ್ಚಿ.

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ಟಿಕ್ ಎಂದರೆ ಇನ್ನೂ ಎಲ್ಲೋ ಒಂದು ಕಡೆ ಒತ್ತಬೇಕಿದೆ. ಅಂಚಿನ ಸುತ್ತ ಹತ್ತಿಯ ಎಳೆಯೊಂದನ್ನು ಎಳೆಯಿರಿ. ಸಿಕ್ಕಿಕೊಂಡ ಜಾಗದಲ್ಲಿ ಗೋಡೆ ಮೇಲೆದ್ದಿದೆ.

ಹಂತ 13: ಫೆಸೆಟಿಂಗ್ ಯಾವಾಗ?

ಚಪ್ಪಟೆ ತಾಣವಿಲ್ಲದ ಮೂರು ಹರಳುಗಳನ್ನು ಸಾಲಾಗಿ ಮಾಡಿದ ಮೇಲೆ. ಅಲ್ಲಿ ಕಣ್ಣಳತೆಗೆ ಜಾಗವಿಲ್ಲ. ಸ್ಫಟಿಕದೊಳಗೆ (ಕ್ವಾರ್ಟ್ಜ್) ಬಂದ ಬೆಳಕು ತಳದಿಂದ ಸೋರದೆ ಹಿಂತಿರುಗಬೇಕಾದರೆ ಕೆಳಮುಖಗಳ ಕೋನ 40.4 ಡಿಗ್ರಿಗಿಂತ ಹೆಚ್ಚಿರಬೇಕು, ಅದಕ್ಕೇ ಸಾಮಾನ್ಯವಾಗಿ 42–43ಕ್ಕೆ ಕತ್ತರಿಸುತ್ತಾರೆ. ಕೋನ ಎರಡು ಡಿಗ್ರಿ ಇಳಿದರೂ ಹರಳಿನ ನಡುವೆ ಕಿಟಕಿ ತೆರೆದಂತಾಗಿ ಕೆಳಗಿಟ್ಟ ಅಕ್ಷರ ಓದಬಹುದು. ಆ ಯಂತ್ರದ ಮುಂದೆ ಕೂರುವ ದಿನವೂ ಒಣ ಬಟ್ಟೆ, ಭೂತಗನ್ನಡಿ ಜೊತೆಗಿರಲಿ.